ಚಳಿಗಾಲದ ಬಿಡಾರಕ್ಕೊಂದು ಜಾಗ

ನಮ್ಮ ವಿಜಯಪುರ, ಕಲಬುರಗಿಯ ಸೀಮೆಯಲ್ಲಿ ವರ್ಷದ ದೊಡ್ಡ ವನಭೋಜನ ಬರುವುದು ನಡುಚಳಿಯಲ್ಲಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಬಿಳಿಜೋಳ ಎದೆಯೆತ್ತರ ಬೆಳೆದು ನಿಂತಿರುತ್ತದೆ, ಕಡಲೆಯ ಹೊಲ ಹಸಿರಾಗಿರುತ್ತದೆ. ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲದ ದಾರಿ ಹಿಡಿಯುತ್ತದೆ. ಬೆಳೆಗೆ ಚರಗ ಚೆಲ್ಲಿದ ಮೇಲೆ ಬನ್ನಿಯ ಮರದಡಿ ಎಲ್ಲರೂ ಕೂಡಿ ಉಣ್ಣುವುದು ವಾಡಿಕೆ. ಈ ಹಬ್ಬದ ಬಗ್ಗೆ ಬರೆಯುವವರೆಲ್ಲ ಅಡುಗೆಯನ್ನು ವರ್ಣಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಅಂದು ಮನೆಯಲ್ಲಿ ಯಾರನ್ನೂ ಬಿಟ್ಟು ಹೋಗುವುದಿಲ್ಲ. ನಡೆಯಲಾರದ ಮುದುಕಿ ಇದ್ದರೆ ಬಂಡಿಯಲ್ಲಿ ಕಣಕಿ ಹರವಿ, ಮೇಲೆ ಕೌದಿ ಹಾಸಿ ಆಕೆಯನ್ನು ಕೂಡಿಸುತ್ತಾರೆ. ಬಂಡಿ ಆಕೆಯ ನಡುವಿಗೆ ನೋವಾಗದಷ್ಟು ಮೆಲ್ಲಗೆ ಸಾಗುತ್ತದೆ. ಯಾವ ಹೊಲಕ್ಕೆ ಹೋಗಬೇಕು, ಯಾವ ಮರದಡಿ ಕೂಡಬೇಕು ಎಂಬುದು ಬಂಡಿಯ ದಾರಿಯ ಮೇಲೆ ನಿಶ್ಚಯವಾಗುತ್ತದೆ.

ಈ ಮಾತನ್ನು ಪೀಠಿಕೆಯಾಗಿ ಹೇಳಲು ಕಾರಣವಿದೆ. ಇದೇ ಎಳ್ಳಮಾವಾಸ್ಯೆಯ ದಿನಗಳನ್ನು ನಾವು ಒಮ್ಮೆ ಭೂಮಿಯ ಆಚೆಯ ಮಗ್ಗುಲಲ್ಲಿ, ಅಮೆರಿಕದ ಮರುಭೂಮಿಯೊಂದರ ಡೇರೆಯಲ್ಲಿ ಕಳೆದೆವು. ಅದು 2016ರ ಡಿಸೆಂಬರ್. ಅಲ್ಲಿ ಏನು ನೋಡಿದೆವು ಎಂಬುದಕ್ಕಿಂತ, ಆ ಜಾಗವನ್ನು ಆರಿಸಿದ್ದು ಹೇಗೆ ಎಂಬುದನ್ನು ಇಂದು ಬರೆಯಬೇಕೆನಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಹೊರದೇಶಗಳಲ್ಲಿದ್ದಾರೆ. ಚಳಿಗಾಲದ ರಜೆಯಲ್ಲಿ ಅವರ ತಂದೆತಾಯಿಗಳು ಅಲ್ಲಿಗೆ ಹೋಗುತ್ತಾರೆ. ಅವರಿಗೆ ಈ ಬರಹದಿಂದ ತುಸು ಉಪಯೋಗವಾದೀತು.

ಮೊದಲು ಕ್ಯಾಂಪ್‌ಗ್ರೌಂಡ್ ಎಂದರೇನೆಂದು ನಮ್ಮ ಬಂಧುಗಳಿಗೆ ತಿಳಿಸಬೇಕು. ನಮ್ಮಲ್ಲಿ ಶಿಬಿರವೆಂದರೆ ಸ್ಕೌಟ್ಸ್ ಇಲ್ಲವೆ ಎನ್.ಎಸ್.ಎಸ್. ಹುಡುಗರ ಶಿಬಿರ. ಅಮೆರಿಕದಲ್ಲಿ ಸಂಸಾರಸಮೇತ ಡೇರೆ ಹಾಕಿ ಉಳಿಯುವುದು ರೂಢಿ. ಅದಕ್ಕೆಂದೇ ರಾಷ್ಟ್ರೀಯ ಉದ್ಯಾನಗಳಲ್ಲಿ ಅಂಕಣಗಳನ್ನು ಅಳೆದು, ಸಂಖ್ಯೆ ಬರೆದು ಇಟ್ಟಿರುತ್ತಾರೆ. ಒಂದು ಅಂಕಣದಲ್ಲಿ ಸಾಮಾನ್ಯವಾಗಿ ಡೇರೆಗೆ ಜಾಗ, ಒಂದು ಮೇಜು, ಒಲೆಗೆ ಕಬ್ಬಿಣದ ಕಟ್ಟು ಇರುತ್ತವೆ; ಕಾರು ನಿಲ್ಲಿಸಲು ಸ್ಥಳವಿರುತ್ತದೆ. ಜನಪ್ರಿಯ ಸ್ಥಳಗಳನ್ನು ಆರು ತಿಂಗಳು ಮೊದಲೇ ಅಂತರ್ಜಾಲದಲ್ಲಿ ಕಾಯ್ದಿರಿಸಬೇಕು. ಹೀಗಾಗಿ ಡಿಸೆಂಬರ್ 26ರ ರಾತ್ರಿಗೆ ನಾವು ಜೂನ್ 26ರಂದೇ ಸಿದ್ಧರಾಗಬೇಕಾಯಿತು. ಅಲ್ಲಿ ಬೆಳಗಿನ 7 ಗಂಟೆಗೆ ಬಾಗಿಲು ತೆರೆಯುತ್ತದೆ. ನಮಗೆ ಅದು ಸಂಜೆ ಏಳೂವರೆ. ಅದಕ್ಕೆ ಮುಂಚಿನ ಮೂರು ವಾರ ಮಗಳ ಮನೆಗೂ ನಮ್ಮ ಮನೆಗೂ ನಡುವೆ ವಿಡಿಯೋ ಕರೆಯಲ್ಲಿ ಚರ್ಚೆಯೋ ಚರ್ಚೆ. ಇತ್ತ ನಮ್ಮಲ್ಲಿ ಮುಂಗಾರಿನ ಮೋಡ, ಅತ್ತ ಮಾತೆಲ್ಲ ಚಳಿಗಾಲದ್ದು.

ಹೋಗುವವರು ಆರು ಮಂದಿ. ಮಗಳು, ಅಳಿಯ, 9 ವರ್ಷದ ಮೊಮ್ಮಗ, 4 ವರ್ಷದ ಮೊಮ್ಮಗಳು, ನಾನು, ನನ್ನ ಶ್ರೀಮತಿ. ಅವರ ಮನೆ ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಅರ್ವೈನಿನಲ್ಲಿ. ಅಳಿಯನ ಮನಸ್ಸಿನಲ್ಲಿದ್ದುದು ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್. ಆತ ವಿದ್ಯಾರ್ಥಿಯಾಗಿದ್ದಾಗ ಗೆಳೆಯರೊಡನೆ ಅಲ್ಲಿ ಹಿಮದಲ್ಲಿ ಡೇರೆ ಹಾಕಿದ್ದವನು. ಮಗನಿಗೆ ಅದನ್ನು ತೋರಿಸಬೇಕೆಂಬ ಆಸೆ ಬಹಳ ದಿನಗಳದ್ದು. ಮಗಳು ಹೇಳಿದ್ದು ಜೋಶುವಾ ಟ್ರೀ ಉದ್ಯಾನದ ಜಂಬೋ ರಾಕ್ಸ್. ಮನೆಯಷ್ಟು ದೊಡ್ಡ ಬಂಡೆಗಳ ನಡುವೆಯೇ ಡೇರೆಗಳು; ಮಕ್ಕಳಿಗೆ ಹತ್ತಿ ಇಳಿಯುವುದೇ ಆಟ. ಮೂರನೆಯದು ಡೆತ್ ವ್ಯಾಲಿ. ಆ ಹೆಸರು ಕೇಳಿಯೇ ನನ್ನ ಶ್ರೀಮತಿ, "ಸಾವಿನ ಕೊಳ್ಳಾನ? ಹಬ್ಬದ ದಿನಾ ಅಲ್ಲಿ ಯಾರು ಹೋಗ್ತಾರ!" ಎಂದು ನಕ್ಕಳು.

ನಗೆಯ ಹಿಂದೆಯೇ ಆಕೆ ಇನ್ನೊಂದು ಮಾತು ಸೇರಿಸಿದಳು. "ನೀವೆಲ್ಲಾ ಹೋಗಿ ಬರ್ರಿ. ನಾ ಮನ್ಯಾಗ ಇರ್ತೀನಿ. ನನ್ನ ಮೊಣಕಾಲು ನಿಮಗ ಗೊತ್ತೈತಲ್ಲ."

ಹಿರಿಯರಿರುವ ಮನೆಗಳಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಹೇಳುವವರು ಮೆಲ್ಲಗೆ, ನಗುತ್ತ ಹೇಳುತ್ತಾರೆ. ಕೇಳುವವರು "ಅಯ್ಯೋ, ಬಾರವ್ವಾ" ಎಂದು ಎರಡು ಸಲ ಕರೆಯುತ್ತಾರೆ. ಮೂರನೆಯ ಸಲಕ್ಕೆ ಒಪ್ಪಿಕೊಂಡುಬಿಡುತ್ತಾರೆ. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಆದರೆ ಹೀಗೆ ನಾಲ್ಕೈದು ಸಲವಾದ ಮೇಲೆ ಕರೆಯುವುದೂ ನಿಂತುಹೋಗುತ್ತದೆ. "ಅಜ್ಜಿ ಎಲ್ಲಿಗೂ ಬರುವುದಿಲ್ಲ" ಎಂಬುದು ಮೊಮ್ಮಕ್ಕಳಿಗೆ ಅಜ್ಜಿಯ ಸ್ವಭಾವವೆಂಬಂತೆ ತೋರತೊಡಗುತ್ತದೆ. ಸಾವಿರಾರು ಮೈಲಿ ಹಾರಿ ಮಗಳ ಮನೆಗೆ ಹೋದ ತಾಯಿ, ಅಲ್ಲಿಯೂ ಮನೆ ಕಾಯುತ್ತ ಕುಳಿತುಕೊಳ್ಳುತ್ತಾಳೆ.

ನನ್ನ ಮಗಳು ಅಂದು ಮತ್ತೊಮ್ಮೆ ಕರೆಯಲಿಲ್ಲ. ಕರೆಯುವ ಬದಲು ಪ್ರಶ್ನೆ ಕೇಳಿದಳು. "ಅವ್ವಾ, ನೀ ಒಲ್ಲೆ ಅಂತೀಯೋ, ಆಗೂದಿಲ್ಲ ಅಂತೀಯೋ?"

ಮೂವತ್ತನಾಲ್ಕು ವರ್ಷ ತರಗತಿಗಳಲ್ಲಿ ಪ್ರಶ್ನೆ ಕೇಳಿಯೇ ಜೀವಿಸಿದವನು ನಾನು. ಇಷ್ಟು ಸರಿಯಾದ ಪ್ರಶ್ನೆಯನ್ನು ಕೇಳಿದ್ದು ಅಪರೂಪ. ಒಲ್ಲೆ ಎಂಬುದು ಮನಸ್ಸಿನ ಮಾತು, ಆಗದು ಎಂಬುದು ದೇಹದ ಮಾತು. ನಮ್ಮ ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ಆದರೆ ಹಿರಿಯರು ಒಂದನ್ನು ಇನ್ನೊಂದರ ಮುಸುಕಿನಲ್ಲಿ ಹೇಳುತ್ತಾರೆ. ಶ್ರೀಮತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು ಎರಡೇ ಸಂಗತಿ. ನೆಲದ ಮೇಲೆ ಮಲಗಿದರೆ ಏಳಲಾಗುವುದಿಲ್ಲ. ರಾತ್ರಿ ಎರಡು ಮೂರು ಸಲ ಹೊರಗೆ ಹೋಗಬೇಕಾಗುತ್ತದೆ. ಕತ್ತಲೆಯಲ್ಲಿ, ಕಲ್ಲುಗಳ ಮೇಲೆ ಆಗದು, ಕುಕ್ಕರಗಾಲಿನಲ್ಲಿ ಕೂಡಲೂ ಆಗದು. "ನಿದ್ದೆಗಣ್ಣಾಗ ನಿಮ್ಮನ್ನ ಎಬ್ಬಸೂದು ನನಗ ಸರಿ ಅನಸೂದಿಲ್ಲ" ಎಂದಳು. ಬರಲು ಮನಸ್ಸಿಲ್ಲವೆಂದು ಆಕೆ ಹೇಳಲೇ ಇಲ್ಲ.

ಅಲ್ಲಿಂದ ಮುಂದೆ ಚರ್ಚೆಯ ದಿಕ್ಕು ಬದಲಾಯಿತು. ಯಾವುದು ಸುಂದರ ಎಂಬ ಪ್ರಶ್ನೆ ಹಿಂದೆ ಸರಿದು, ಆಕೆಗೆ ಎಲ್ಲಿ ಆದೀತು ಎಂಬುದು ಮುಂದೆ ಬಂತು. ಹಾಗೆ ನೋಡಿದೊಡನೆ ಮೂರು ಜಾಗಗಳ ಲಕ್ಷಣವೂ ಬೇರೆಯಾಗಿ ಕಾಣಿಸಿತು.

ಅಪ್ಪರ್ ಪೈನ್ಸ್ ಸುಮಾರು 4,000 ಅಡಿ ಎತ್ತರದಲ್ಲಿದೆ. ಚಳಿಗಾಲದಲ್ಲಿಯೂ ತೆರೆದಿರುತ್ತದೆ, ಒಳ್ಳೆಯ ಶೌಚಾಲಯಗಳೂ ಇವೆ. ಆದರೆ ಕಣಿವೆಯ ದಕ್ಷಿಣದ ಮಗ್ಗುಲಿಗೆ ಚಳಿಗಾಲದ ಸೂರ್ಯ ಸರಿಯಾಗಿ ತಲಪುವುದಿಲ್ಲ. ದಿನದ ಬಹುಪಾಲು ಗೋಡೆಯಂತಹ ಬೆಟ್ಟದ ನೆರಳು. ರಾತ್ರಿ ನೀರು ಹೆಪ್ಪುಗಟ್ಟುವುದು ಸಾಮಾನ್ಯ. ತುಳಿದು ಗಟ್ಟಿಯಾದ ಹಿಮದ ಮೇಲೆ ಗಟ್ಟಿಮುಟ್ಟಾದವರೇ ಜಾರುತ್ತಾರೆ. ಕಾರಿನಲ್ಲಿ ಗಾಲಿಗೆ ಕಟ್ಟುವ ಸರಪಳಿ ಇರಲೇಬೇಕು. ಜಂಬೋ ರಾಕ್ಸ್ 4,400 ಅಡಿ. ಅಲ್ಲಿ ಕುಡಿಯುವ ನೀರಿಲ್ಲ, ಎಲ್ಲವನ್ನೂ ಹೊತ್ತೊಯ್ಯಬೇಕು. ಇರುವುದು ನೀರಿಲ್ಲದ ಗುಂಡಿ ಪಾಯಖಾನೆ. ಮಕ್ಕಳಿಗೆ ಆಟವಾದ ಬಂಡೆಗಳು ಮೊಣಕಾಲು ನೋವಿನವರಿಗೆ ರಾತ್ರಿ ಆಟವಾಗವು.

ಉಳಿದದ್ದು ಸಾವಿನ ಕೊಳ್ಳ. ಇಲ್ಲಿ ನಾನು ಭೂಗೋಳದ ಮೇಷ್ಟ್ರಾಗಿ ಬಾಯಿ ಹಾಕಿದೆ. ಆ ಹೆಸರಿಗೆ ಹೆದರಬೇಕಾದದ್ದು ಬೇಸಿಗೆಯಲ್ಲಿ. 1913ರ ಜುಲೈ 10ರಂದು ಅಲ್ಲಿನ ಫರ್ನೆಸ್ ಕ್ರೀಕಿನಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 56.7 ಡಿಗ್ರಿ ಸೆಲ್ಸಿಯಸ್ ಬಿಸಿ ದಾಖಲಾಗಿದೆ. ಭೂಮಿಯ ಮೇಲಿನ ಅಧಿಕೃತ ದಾಖಲೆ ಅದೇ. ಡಿಸೆಂಬರಿನಲ್ಲಿ ಅದೇ ನೆಲ ಹಗಲು ಸುಮಾರು 18 ಡಿಗ್ರಿ, ರಾತ್ರಿ 4 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಾರಣ ಸರಳ. ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಲೆಕ್ಕಕ್ಕೆ 1,000 ಅಡಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಎನ್ನಬಹುದು. ಏಳನೆಯ ಕ್ಲಾಸಿನಲ್ಲಿ ಊಟಿ ಏಕೆ ತಂಪು ಎಂಬ ಪ್ರಶ್ನೆಗೆ ನೀವು ಬರೆಯುತ್ತಿದ್ದ ಉತ್ತರವೇ ಇದು.

ಈ ಒಂದೇ ಉದ್ಯಾನದೊಳಗೆ ಆ ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಕಾಣಬಹುದು. ಫರ್ನೆಸ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಸಮುದ್ರಮಟ್ಟಕ್ಕಿಂತ 196 ಅಡಿ ಕೆಳಗಿದೆ. ಟೆಕ್ಸಾಸ್ ಸ್ಪ್ರಿಂಗ್ ಮತ್ತು ಸ್ಟೋವ್‌ಪೈಪ್ ವೆಲ್ಸ್ ಸಮುದ್ರಮಟ್ಟದಲ್ಲಿವೆ. ಮೆಸ್ಕೀಟ್ ಸ್ಪ್ರಿಂಗ್ 1,800 ಅಡಿ, ಎಮಿಗ್ರೆಂಟ್ 2,100 ಅಡಿ, ವೈಲ್ಡ್‌ರೋಸ್ 4,100 ಅಡಿ. ಕೊನೆಯ ಮಹಾಗನಿ ಫ್ಲ್ಯಾಟ್ 8,200 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಚಳಿಗಾಲದಲ್ಲಿ ಅಲ್ಲಿಗೆ ಹಿಮ ಬೀಳುತ್ತದೆ. ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ 16 ಡಿಗ್ರಿಯಷ್ಟು ಅಂತರವಿರಬಹುದು. ಹಾಳೆಯ ಮೇಲೆ ಗೆರೆ ಎಳೆದು, ಎತ್ತರಗಳನ್ನು ಗುರುತಿಸಿ ಕ್ಯಾಮೆರಾದ ಮುಂದೆ ಹಿಡಿದೆ. ಮೊಮ್ಮಗ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡ.

ಇದರಲ್ಲಿ ನಾನು ಕಂಡುಹಿಡಿದದ್ದೇನೂ ಇಲ್ಲ. ಆ ಕಣಿವೆಯ ಮೂಲನಿವಾಸಿಗಳಾದ ಟಿಂಬಿಶಾ ಶೋಶೋನಿ ಜನ ಚಳಿಗಾಲವನ್ನು ಕೆಳಗಿನ ಕಣಿವೆಯಲ್ಲಿ ಕಳೆದು, ಬೇಸಿಗೆಗೆ ಬೆಟ್ಟದ ಮೇಲಕ್ಕೆ ಬಿಡಾರ ಸಾಗಿಸುತ್ತಿದ್ದರು. ಮುದುಕರು, ಕೂಸುಗಳು ಎಲ್ಲರೂ ಕೂಡಿಯೇ ಹೋಗುತ್ತಿದ್ದರೆಂದ ಮೇಲೆ, ಎಲ್ಲರಿಗೂ ಒಗ್ಗುವ ಎತ್ತರವನ್ನು ಅವರು ತಲೆಮಾರುಗಳಿಂದ ಅರಿತಿದ್ದರು. ಅವರ ಊರು ಇಂದಿಗೂ ಫರ್ನೆಸ್ ಕ್ರೀಕಿನ ಪಕ್ಕದಲ್ಲಿಯೇ ಇದೆ. 2000ನೆಯ ಇಸವಿಯ ಕಾನೂನೊಂದು ಅವರ ನೆಲದ ಒಂದು ಭಾಗವನ್ನು ಅವರಿಗೆ ಮರಳಿಸಿತು.

ಫರ್ನೆಸ್ ಕ್ರೀಕಿನಲ್ಲಿ ಸಮತಟ್ಟಾದ ನೆಲವಿದೆ, ಅಲ್ಲಲ್ಲಿ ಮರಗಳಿವೆ, ನಲ್ಲಿಯ ನೀರಿದೆ. ಕುಳಿತು ಬಳಸುವ, ನೀರು ಹರಿಯುವ ಶೌಚಾಲಯಗಳಿವೆ. ಅಂಗಡಿಯೂ ಸಂದರ್ಶಕರ ಕೇಂದ್ರವೂ ಸಮೀಪದಲ್ಲಿವೆ. ಸ್ಟೋವ್‌ಪೈಪ್ ವೆಲ್ಸ್ ಬರಿಯ ಜಲ್ಲಿಯ ಬಯಲು. ಗಾಳಿ ಎದ್ದರೆ ತಡೆಯಿಲ್ಲ. ಟೆಕ್ಸಾಸ್ ಸ್ಪ್ರಿಂಗಿನ ನೋಟ ಚೆಲುವಾದದ್ದು. ಆದರೆ ಅಲ್ಲಿಗೆ ಮುಂಗಡವಾಗಿ ಕಾಯ್ದಿರಿಸುವಂತಿರಲಿಲ್ಲ, ಮೊದಲು ಬಂದವರಿಗೆ ಮೊದಲು. ಕ್ರಿಸ್‌ಮಸ್ ರಜೆಯ ವಾರದಲ್ಲಿ ಐದು ತಾಸು ಕಾರಿನಲ್ಲಿ ಕುಳಿತು ಬಂದ ಮುದುಕರನ್ನು, ಮಕ್ಕಳನ್ನು ಕಟ್ಟಿಕೊಂಡು ಜಾಗ ಸಿಗುವುದೋ ಇಲ್ಲವೋ ಎಂದು ಸುತ್ತುವುದು ಬೇಡವೆಂದೆವು.

ಅಳಿಯನಿಗೆ ಬೇಸರವಾಗಲಿಲ್ಲವೆಂದು ಬರೆದರೆ ಅದು ಸತ್ಯವಾಗದು. ಎರಡು ದಿನ ಆತ ಕರೆಯಲ್ಲಿ ಹೆಚ್ಚು ಮಾತನಾಡಲಿಲ್ಲ. ಮೊಮ್ಮಗನಂತೂ ಹಿಮವಿಲ್ಲದ ಚಳಿಗಾಲ ಎಂಥ ಚಳಿಗಾಲವೆಂದು ಅತ್ತ. ಒಬ್ಬರಿಗೆ ದಕ್ಕಬೇಕಾದರೆ ಇನ್ನೊಬ್ಬರು ಏನನ್ನಾದರೂ ಬಿಡಬೇಕು. ಸಂಸಾರದಲ್ಲಿ ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಮೂರನೆಯ ದಿನ ಅಳಿಯನೇ ಕರೆ ಮಾಡಿದ. "ಮಾಮಾ, ಯೊಸೆಮಿಟಿ ಎಲ್ಲೂ ಓಡಿ ಹೋಗೂದಿಲ್ಲ. ನಾನು, ಇವ ಇಬ್ಬರ ಒಂದು ವರ್ಷ ಹೋಗ್ತೀವಿ. ಈ ವರ್ಷ ಅತ್ತಿಯವರು ಬರಬೇಕು." ಆ ಮಾತಿಗಾಗಿ ನಾನು ಆತನನ್ನು ಇಂದಿಗೂ ಗೌರವಿಸುತ್ತೇನೆ.

ಜೂನ್ 26ರ ಸಂಜೆ ಕ್ಯಾಂಪ್‌ಗ್ರೌಂಡಿನ ನಕ್ಷೆಯನ್ನು ತೆರೆದಿಟ್ಟುಕೊಂಡು ಕುಳಿತೆವು. ಕ್ಯಾಂಪ್‌ಗ್ರೌಂಡನ್ನು ಆರಿಸಿದರೆ ಅರ್ಧ ಕೆಲಸವಾದಂತೆ. ಅದರೊಳಗಿನ ಅಂಕಣವನ್ನು ಆರಿಸುವುದು ಉಳಿದ ಅರ್ಧ. ಶೌಚಾಲಯಕ್ಕೆ ತೀರ ಅಂಟಿಕೊಂಡರೆ ರಾತ್ರಿಯೆಲ್ಲ ಬಾಗಿಲಿನ ಸದ್ದು, ದೀಪದ ಬೆಳಕು. ದೂರವಾದರೆ ನಡಿಗೆ ಹೆಚ್ಚು. ಮಗಳು ನಕ್ಷೆಯಲ್ಲಿ ಎರಡು ಅಂಕಣಗಳಷ್ಟು ಆಚೆಗಿನದನ್ನು, ನಡುವೆ ರಸ್ತೆ ದಾಟಬೇಕಿಲ್ಲದ್ದನ್ನು ಆರಿಸಿದಳು. ಮರುಭೂಮಿಯಲ್ಲಿ ಒಣಹಳ್ಳದ ಪಾತ್ರದ ಹತ್ತಿರ ಇರಬಾರದೆಂಬುದು ನನ್ನ ಸೂಚನೆ. ದೂರದ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿ ಪ್ರವಾಹವಾಗಿ ಬರುತ್ತದೆ. 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಶೇಷ ಅಲ್ಲಿ ಸುರಿದಾಗ ಇಡೀ ಉದ್ಯಾನವನ್ನು ಅಕ್ಟೋಬರ್ ಮಧ್ಯದವರೆಗೆ ಮುಚ್ಚಬೇಕಾಯಿತು. ಆದುದರಿಂದ ಎಲ್ಲಿಗೇ ಹೋಗುವುದಿರಲಿ, ಹೊರಡುವ ವಾರ ರಸ್ತೆಗಳ ಸ್ಥಿತಿಯನ್ನು ವಿಚಾರಿಸುವುದು ಒಳ್ಳೆಯದು.

ಇನ್ನು ರಾತ್ರಿಯ ಸಂಗತಿ. ಚಳಿಗಾಲದ ಬಿಡಾರವನ್ನು ಹಗಲಿನ ಚೆಲುವು ನೋಡಿ ಆರಿಸುವವರೇ ಹೆಚ್ಚು. ಆದರೆ 36 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರಿನ ಸೂರ್ಯ ನಾಲ್ಕೂವರೆಗೆ ಮುಳುಗಿ ಮರುದಿನ ಏಳರ ಹತ್ತಿರ ಹುಟ್ಟುತ್ತಾನೆ. ನಮ್ಮೂರಲ್ಲಿ ಅದೇ ದಿನ ರಾತ್ರಿ ಸುಮಾರು 13 ತಾಸು; ಅಲ್ಲಿ 14 ತಾಸಿಗೂ ಮಿಕ್ಕು. ಆದ್ದರಿಂದ ನಾವು ಆರಿಸುವುದು ನಿಜವಾಗಿ ರಾತ್ರಿ ಕಳೆಯುವ ಜಾಗವನ್ನು. ನೆಲದ ತಂಪನ್ನು ತಡೆಯದೆ ಮೇಲೆ ಎಷ್ಟು ಹೊದ್ದರೂ ವ್ಯರ್ಥ, ಏಕೆಂದರೆ ಮೈಯ ಶಾಖವನ್ನು ನೆಲ ಹೀರುತ್ತಲೇ ಇರುತ್ತದೆ. ಅಳಿಯ ಶ್ರೀಮತಿಗಾಗಿ ಮಡಚುವ ಮಂಚವೊಂದನ್ನು ತಂದ. ಕುರ್ಚಿಯಷ್ಟು ಎತ್ತರ, ಕಾಲಿಳಿಸಿ ಎದ್ದು ನಿಲ್ಲಬಹುದು. ಅದರ ಮೇಲೆ ದಪ್ಪ ಚಾಪೆ, ಅದರ ಮೇಲೆ ನಾವು ವಿಜಯಪುರದಿಂದ ಹೊತ್ತೊಯ್ದ ಕೌದಿ. ಡೇರೆಯೊಳಗೆ ಒಲೆಯನ್ನಾಗಲಿ ಕೆಂಡವನ್ನಾಗಲಿ ಇಡಕೂಡದು. ಮುಚ್ಚಿದ ಜಾಗದಲ್ಲಿ ಅದರ ವಿಷಾನಿಲ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಉದ್ಯಾನದಲ್ಲಿ ಸೌದೆ ಆಯುವುದೂ ನಿಷಿದ್ಧ, ಹೊರಗಿನಿಂದಲೇ ಒಯ್ಯಬೇಕು.

ನವೆಂಬರಿನಲ್ಲಿ ನಾವು ಅಮೆರಿಕ ತಲಪಿದೆವು. ಡಿಸೆಂಬರ್ 26ರಂದು ಹೊರಟಾಗ ಕಾರಿನಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಎಲ್ಲಕ್ಕಿಂತ ಮೇಲಿತ್ತು. ದಾರಿಯಲ್ಲಿ ಬೇಕರ್ ಎಂಬ ಸಣ್ಣ ಊರಿನಲ್ಲಿ 134 ಅಡಿ ಎತ್ತರದ ಉಷ್ಣಮಾಪಕವೊಂದು ನಿಂತಿದೆ. 134 ಡಿಗ್ರಿಯ ದಾಖಲೆಯ ನೆನಪಿಗೆ ಡಿಗ್ರಿಗೊಂದು ಅಡಿ. ಮೊಮ್ಮಗ ಕಾರು ನಿಲ್ಲಿಸಿ ಅದನ್ನು ನೋಡಿಯೇ ಮುಂದೆ ಹೋದ. ಮರುದಿನ ಬ್ಯಾಡ್‌ವಾಟರಿಗೆ ಹೋದೆವು. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ, ಬಿಳಿಯ ಉಪ್ಪಿನ ಬಯಲು. ಹಲಗೆಯ ಸಮತಟ್ಟು ಹಾದಿ ಇರುವುದರಿಂದ ಶ್ರೀಮತಿ ಕೋಲೂರಿಕೊಂಡು ಎಲ್ಲರ ಜತೆಗೇ ನಡೆದಳು. ಹಿಂದಿನ ಬಂಡೆಯ ಮೇಲೆ, ತಲೆಯೆತ್ತಿ ನೋಡಬೇಕಾದಷ್ಟು ಎತ್ತರದಲ್ಲಿ, ಸಮುದ್ರಮಟ್ಟವನ್ನು ಸೂಚಿಸುವ ಫಲಕವಿದೆ. ಎದುರಿಗೆ 11,049 ಅಡಿಯ ಟೆಲಿಸ್ಕೋಪ್ ಶಿಖರ. ಅದರ ನೆತ್ತಿಯ ಮೇಲೆ ಹಿಮ. ಮೊಮ್ಮಗ ನೋಟ್‌ಬುಕ್ ತೆಗೆದು, ನಾನು ಬರೆಸಿದ್ದ ಗೆರೆಯ ತುದಿಗೆ ಒಂದು ಬಿಳಿಯ ಟೊಪ್ಪಿಗೆ ಬರೆದ. ಮೊಮ್ಮಗಳಿಗೆ ಮಾರನೆಯ ದಿನದ ಮರಳುದಿನ್ನೆಗಳೇ ಸಾಕಾದವು.

ಎರಡನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಶ್ರೀಮತಿ ಎದ್ದಳು. ಆಕೆ ಯಾರನ್ನೂ ಎಬ್ಬಿಸಲಿಲ್ಲ. ಮೊಮ್ಮಗನಿಗೇ ಎಚ್ಚರವಾಗಿ, ಬ್ಯಾಟರಿ ಹಿಡಿದು ಅಜ್ಜಿಯ ಜತೆ ಹೊರಟ. ಹೋದವರು ಬೇಗ ಬರಲಿಲ್ಲವೆಂದು ನಾನು ಡೇರೆಯ ಬಾಗಿಲು ಸರಿಸಿ ನೋಡಿದೆ. ಇಬ್ಬರೂ ಬ್ಯಾಟರಿ ಆರಿಸಿ ಮೇಜಿನ ಬಳಿ ನಿಂತಿದ್ದರು. ಅಮಾವಾಸ್ಯೆಗೆ ಸಮೀಪದ ರಾತ್ರಿ. ಆ ಉದ್ಯಾನ ಕಗ್ಗತ್ತಲೆಯ ಆಕಾಶಕ್ಕೆಂದು 2013ರಲ್ಲಿ ಮನ್ನಣೆ ಪಡೆದದ್ದು. ಮೃಗಶಿರ ಪಡುವಣಕ್ಕೆ ವಾಲಿತ್ತು, ಸಪ್ತರ್ಷಿ ಮಂಡಲ ಈಶಾನ್ಯದಲ್ಲಿ ಮೇಲೇರಿತ್ತು. ತಾನು ಹುಡುಗಿಯಾಗಿದ್ದಾಗ ಜೋಳದ ರಾಶಿ ಕಾಯಲು ಅಪ್ಪನ ಜತೆ ಕಣದಲ್ಲಿ ಮಲಗುತ್ತಿದ್ದುದನ್ನು ಆಕೆ ಅವನಿಗೆ ಹೇಳುತ್ತಿದ್ದಳು. ಚುಕ್ಕೆ ನೋಡಿ ಹೊತ್ತು ತಿಳಿಯುತ್ತಿದ್ದರಂತೆ. ನಾಲ್ವತ್ತು ವರ್ಷ ಜತೆಗಿದ್ದ ನನಗೂ ಆ ಕಥೆ ಹೊಸದು. ನಾನು ಕರೆಯಲಿಲ್ಲ, ಮತ್ತೆ ಒಳಗೆ ಬಂದು ಮಲಗಿದೆ.

ಮರಳಿದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಿಂತಿತು. ಎಲ್ಲಿಗೇ ಹೊರಡುವುದಿದ್ದರೂ ಮೊದಲು ಎಲ್ಲರೂ ತಮಗೆ ಏನು ಆಗದು ಎಂಬುದನ್ನು ಹೇಳುತ್ತಾರೆ. ಏನು ಬೇಕು ಎಂಬುದು ಆಮೇಲೆ. ಆಗದು ಎಂದು ಹೇಳುವುದರಲ್ಲಿ ನಾಚಿಕೆಯಿಲ್ಲವೆಂದು ಮಕ್ಕಳೂ ಕಲಿತಿದ್ದಾರೆ. ಬೇಕುಗಳನ್ನು ಮೊದಲು ಹೇಳಿದರೆ ದನಿ ದೊಡ್ಡದಿರುವವರದೇ ನಡೆಯುತ್ತದೆ. ಮಾತು ಕೊಟ್ಟಂತೆ ಅಳಿಯ 2019ರ ಫೆಬ್ರವರಿಯಲ್ಲಿ ಮಗನನ್ನು ಕರೆದುಕೊಂಡು ಯೊಸೆಮಿಟಿಗೆ ಹೋಗಿಬಂದ. ಶ್ರೀಮತಿ ಆ ಸಲವೂ "ನೀವು ಹೋಗಿ ಬರ್ರಿ" ಎಂದಳು. ಮಗಳು ಅದೇ ಪ್ರಶ್ನೆ ಕೇಳಿದಳು. "ಈ ಸಲ ಖರೇನ ಒಲ್ಲೆ. ಆ ಥಂಡ್ಯಾಗ ಯಾರು ಸಾಯಬೇಕು!" ಎಂದು ಫೋನಿನಲ್ಲಿ ಗಟ್ಟಿಯಾಗಿ ನಕ್ಕಳು. ಒಲ್ಲೆ ಎನ್ನುವ ಹಕ್ಕೂ ಹಿರಿಯರಿಗೆ ಇರಬೇಕಷ್ಟೆ.

ಆದ್ದರಿಂದ, ದೂರದಲ್ಲಿರುವ ನನ್ನ ವಿದ್ಯಾರ್ಥಿಗಳೇ, ಈ ಚಳಿಗಾಲದಲ್ಲಿ ನಿಮ್ಮ ತಂದೆತಾಯಿಗಳನ್ನು ಕರೆದುಕೊಂಡು ಡೇರೆ ಹೂಡಲು ಹೊರಡುವವರಿದ್ದರೆ, ಚಿತ್ರ ನೋಡಿ ಜಾಗ ಆರಿಸಬೇಡಿ. ಎತ್ತರ ಎಷ್ಟು, ನೀರು ಎಲ್ಲಿ, ಶೌಚಾಲಯ ಎಷ್ಟು ಹೆಜ್ಜೆ, ನೆಲ ಸಮವಿದೆಯೇ, ರಾತ್ರಿ ಎಷ್ಟು ತಾಸು ಎಂದು ನೋಡಿ. ಅದಕ್ಕೂ ಮೊದಲು, ಒಲ್ಲೆನೋ ಆಗದೋ ಎಂದು ಕೇಳಿ. ಉತ್ತರ ಬರುವವರೆಗೆ ಸ್ವಲ್ಪ ಹೊತ್ತು ಸುಮ್ಮನಿರಿ. ಅದು ಬರುವುದು ತಡವಾಗಿಯೇ.